ಎತ್ಯೂದ್ ಅಂದ್ರೆ ಸ್ಕೆಚ್ ಅಲ್ಲ

ಕಾಡುಗಿಡದ ಹಳೇ ಪೆನ್ಸಿಲ್ ಚಿತ್ರ ಕಂಡರೆ ಸಾಕು, ಕೆಳಗೆ ‘ಸುಂದರ ಸ್ಕೆಚ್’ ಅಂತ ಬರೆದುಬಿಡುತ್ತಾರೆ. ಈಚೆಗೆ ಎಜೆನ್ ಬ್ಲೆರಿ ಬರೆದ ಗಿಡದ ಚಿತ್ರಗಳಿಗೂ ಅದೇ ಗತಿಯಾಯಿತು. ಬ್ಲೆರಿ 1805ರಲ್ಲಿ ಹುಟ್ಟಿದ ಫ್ರೆಂಚ್ ನಿಸರ್ಗ ಚಿತ್ರಕಾರ. ಎಚ್ಚಿಂಗ್‌ನಲ್ಲಿ (ಲೋಹದ ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆದು ಚಿತ್ರ ಅಚ್ಚು ಹಾಕುವ ವಿದ್ಯೆ) ಪಳಗಿದ ಕೈ, ಹೆಸರಾಂತ ಎಚ್ಚಿಂಗ್ ಕಲಾವಿದ ಶಾರ್ಲ್ ಮೆರಿಯೋಂಗೆ ಆ ವಿದ್ಯೆ ಕಲಿಸಿದವನು. ಎದುರಿಗಿರುವ ಗಿಡ ನೋಡಿ ಹೀಗೆ ಬರೆದದ್ದಕ್ಕೆ ಅವನ ಕಾಲದವರು ಹೇಳುತ್ತಿದ್ದ ಹೆಸರು ಎತ್ಯೂದ್. ನಮ್ಮ ಚಿತ್ರಕಲಾ ಶಾಲೆಗಳ ‘ಸ್ಟಡಿ’ಯೂ ಇದೇ.

ಎರಡು ಪದಗಳ ಮೂಲವೇ ಬೇರೆ. ಸ್ಕೆಚ್, ಫ್ರೆಂಚಿನ ಎಸ್ಕೀಸ್, ಎರಡೂ ಇಟಾಲಿಯನ್ನಿನ ‘ಸ್ಕಿಟ್ಸೋ’ದಿಂದ ಬಂದವು. ಅದರ ಹಿಂದಿರುವ ಗ್ರೀಕ್ ಪದಕ್ಕೆ ತಯಾರಿಯಿಲ್ಲದೆ ಥಟ್ಟನೆ ಮಾಡಿದ್ದು ಅಂತ ಅರ್ಥ. ಎತ್ಯೂದ್ ಬಂದದ್ದು ಲ್ಯಾಟಿನ್ನಿನ ‘ಸ್ತುದಿಯುಂ’ನಿಂದ. ಅಂದರೆ ಆಸ್ಥೆ, ಮನಸ್ಸಿಟ್ಟು ಮಾಡುವ ಕೆಲಸ. ಹಾಗಂತ ಬೇಗ ಬರೆದದ್ದು ಸ್ಕೆಚ್, ನಿಧಾನಕ್ಕೆ ಬರೆದದ್ದು ಸ್ಟಡಿ ಅಂತ ಗಡಿಯಾರ ನೋಡಿ ತೀರ್ಮಾನಿಸಬೇಡಿ, ಅದೂ ತಪ್ಪೇ. 1800ರಲ್ಲೇ ಫ್ರೆಂಚ್ ನಿಸರ್ಗ ಚಿತ್ರಕಾರ ವಾಲೆನ್ಸಿಯೆನ್ ಬರೆದಿದ್ದಾನೆ: ಹೊರಗೆ ಕೂತು ಮಾಡುವ ಎತ್ಯೂದ್‌ಗೆ ಹೆಚ್ಚೆಂದರೆ ಎರಡು ಗಂಟೆ, ಸೂರ್ಯ ಹುಟ್ಟುವಾಗ ಮುಳುಗುವಾಗ ಆದರೆ ಅರ್ಧ ಗಂಟೆ. ವ್ಯತ್ಯಾಸ ಇರುವುದು ಚಿತ್ರ ಎಲ್ಲಿಂದ ಹುಟ್ಟಿತು ಅನ್ನುವುದರಲ್ಲಿ. ಎಸ್ಕೀಸ್ ಅನ್ನುವುದು ಬರೆಯಬೇಕಾದ ಇಡೀ ಚಿತ್ರದ ಕರಡು, ತಲೆಯಿಂದ ಬಂದದ್ದು. ಎತ್ಯೂದ್ ಕಣ್ಣೆದುರು ಇರುವುದನ್ನು ನೋಡಿ ಬರೆದದ್ದು.

ಫ್ರೆಂಚ್ ಚಿತ್ರಕಾರ ಕೊರೋ ಬರೆದ ನಾರ್ನಿ ಸೇತುವೆಯ ಚಿತ್ರಗಳನ್ನು ನೋಡಿ. ಇಟಲಿಯಲ್ಲಿ ಜಾಗದಲ್ಲೇ ಬರೆದ 1826ರ ಎತ್ಯೂದ್ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ‌ನಲ್ಲಿದೆ. ಪ್ಯಾರಿಸ್ಸಿನ 1827ರ ಸಲೋನ್ ಪ್ರದರ್ಶನಕ್ಕೆ ಅಂತ ಮರ, ಮೇಕೆಗಳನ್ನೆಲ್ಲ ಸೇರಿಸಿ ಒಪ್ಪ ಮಾಡಿದ ದೊಡ್ಡ ಚಿತ್ರ ಕೆನಡಾದ ಒಟ್ಟಾವಾದಲ್ಲಿದೆ. ಮೊದಲನೆಯದು ಎರಡನೆಯದರ ಅರ್ಧಕ್ಕೆ ನಿಂತ ರೂಪ ಅಲ್ಲವೇ ಅಲ್ಲ.

ಇನ್ನು ಕೆಲವರು ಇಂಥ ಗಿಡದ ಚಿತ್ರಗಳನ್ನು ಸಸ್ಯಶಾಸ್ತ್ರದ ಚಿತ್ರ ಅನ್ನುತ್ತಾರೆ. ಅದಕ್ಕೆ ಗಿಡದ ಗುರುತು ಮುಖ್ಯ, ಹೂವು, ಕಾಯಿ, ಬೀಜ ಎಲ್ಲ ಬೇಕು. ನಿಸರ್ಗ ಚಿತ್ರಕಾರನಿಗೆ ಬೇಕಾದದ್ದೇ ಬೇರೆ: ಬರ್ಡಾಕ್ ಅನ್ನುವ ಕಳೆಗಿಡದ ಅಗಲ ಎಲೆ ತನ್ನ ಭಾರಕ್ಕೆ ಎಲ್ಲಿ ಬಾಗುತ್ತದೆ, ಅಂಚು ಎಲ್ಲಿ ಮಡಚಿ ಮಾಸಲು ಬಣ್ಣದ ಅಡಿಭಾಗ ಕಾಣುತ್ತದೆ, ಅದರ ನೆರಳು ಕೆಳಗಿನ ಎಲೆ ಮೇಲೆ ಎಷ್ಟು ದೂರ ಬೀಳುತ್ತದೆ. ಹೂವೇ ಇಲ್ಲದಿದ್ದರೂ ನಡೆಯುತ್ತೆ. ದೊಡ್ಡ ಚಿತ್ರದಲ್ಲಿ ನೋಡುವವರ ಕಾಲ ಬುಡದಲ್ಲೇ ಇರುವ ಮೂಲೆಗೆ ಸುಮ್ನೆ ಹಸಿರು ಬಳಿದರೆ ಆಗುವುದಿಲ್ಲ ಅಲ್ವಾ? ಸ್ಟುಡಿಯೋದಲ್ಲಿ ಚಿತ್ರಕಾರ ಆ ಮೂಲೆ ತುಂಬಲು ಕೂತಾಗ ಗಿಡದ ಎತ್ಯೂದ್ ಇರುವ ಹಾಳೆ ಹೊರಗೆ ಬರುತ್ತಿತ್ತು. ಗಿಡದ ಸುತ್ತ ಕಾಗದ ಖಾಲಿ ಬಿಟ್ಟಿರುವುದೂ ಅದಕ್ಕೇ. ಅವನಿಗೆ ಬೇಕಿದ್ದದ್ದು ಆ ಗಿಡ ಮಾತ್ರ.