ಘಾಟಿನ ಊರಿನಲ್ಲಿ ಇನ್ನೊಂದು ಘಾಟು

ಫೆಬ್ರುವರಿ, ಮಾರ್ಚ್ ಬಂತೆಂದರೆ ಬ್ಯಾಡಗಿಯಲ್ಲಿ ಮೂಗಿಗೆ ಬಿಡುವಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲಗಳು ಗುಡ್ಡದಂತೆ ಬಿದ್ದಿರುತ್ತವೆ. ಹೊಸಬರು ಸೀನುತ್ತಾರೆ, ಹಮಾಲರು ಟವೆಲ್ ಸುತ್ತಿಕೊಂಡು ಕೆಲಸ ಮಾಡುತ್ತಾರೆ, ಊರಿನವರು ಗಮನಿಸುವುದೇ ಇಲ್ಲ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಊರಿನ ಹೆಸರಿಗೇ ಸೇರಿದ ವಿಶಿಷ್ಟ ಮಾಲು ಎಂಬ ಮಾನ್ಯತೆಯೂ ಸಿಕ್ಕಿತು. ಆ ಬಣ್ಣಕ್ಕೇ ರೇಟು. ಆದರೆ ಬಿಸಿಲು, ಸೆಕೆ ತಾಗಿದರೆ ಬಣ್ಣ ಮಾಸುತ್ತಾ ಹೋಗುತ್ತದೆ. ಹಾಗಾಗಿ ಒಳ್ಳೆಯ ಬೆಲೆ ಬರುವ ತನಕ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ.

ದೊಡ್ಡ ಕೋಲ್ಡ್ ಸ್ಟೋರೇಜ್ ಅಂದರೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಅದನ್ನು ತಂಪು ಮಾಡುವ ಅನಿಲ ಅಮೋನಿಯಾ ಎಂದೇ ಅರ್ಥ. ಕಾಯಿ ಇಟ್ಟ ರೈತನಿಗೆ ಚೀಲದ ಬಾಡಿಗೆ ಎಷ್ಟು ಅಂತ ಗೊತ್ತಿರುತ್ತದೆ. ಗೋಡೆಯಾಚೆ ಕಂಪ್ರೆಸರ್ ರೂಮಿನ ಪೈಪುಗಳಲ್ಲಿ ಕೆಲವು ಟನ್ ಅಮೋನಿಯಾ ಸುತ್ತುತ್ತಿದೆ ಎನ್ನುವುದು ಅಷ್ಟಾಗಿ ಗೊತ್ತಿರುವುದಿಲ್ಲ.

ಹಾಗಂತ ಅಮೋನಿಯಾ ನಮಗೆ ಹೊಸದೇನಲ್ಲ. ದನದ ಕೊಟ್ಟಿಗೆಯ ಬಾಗಿಲು ಬೆಳಗ್ಗೆ ತೆಗೆದಾಗ ಮೂಗಿಗೆ ಹೊಡೆಯುವುದು ಅದೇ. ಗಂಜಲದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹೊರಬರುತ್ತದೆ. ಕಾರ್ಖಾನೆಯಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಅಲ್ಲಿ ಅಮೋನಿಯಾದಿಂದ ಯೂರಿಯಾ ಮಾಡುತ್ತಾರೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡುವ ದಾರಿ ತೋರಿಸಿದವನು ಜರ್ಮನಿಯ ಫ್ರಿಟ್ಜ್ ಹೇಬರ್. ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದವನು ಕಾರ್ಲ್ ಬಾಷ್. 1913ರಲ್ಲಿ ಮೊದಲ ದೊಡ್ಡ ಘಟಕ ಶುರುವಾಯಿತು. ಯೂರಿಯಾ, ಡಿಎಪಿ ಗೊಬ್ಬರ ಎರಡಕ್ಕೂ ಮೂಲ ಇದೇ ಅಮೋನಿಯಾ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಸಿಗದೆ ರೈತರು ಬೀದಿಗಿಳಿದರು, ಗೋಲಿಬಾರ್ ಆಗಿ ಜೀವಗಳೂ ಹೋದವು. ಈ ಒಂದು ರಾಸಾಯನಿಕದ ಮೇಲೆ ನಮ್ಮ ಹೊಲಗಳು ಎಷ್ಟು ನಿಂತಿವೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಂಪು ಮಾಡಲು ಅಮೋನಿಯಾನೇ ಯಾಕೆ? ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ರೀತಿಯಲ್ಲೇ ಇದೂ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ನೀರು ಕುದಿಯಲು 100 ಡಿಗ್ರಿ ಬೇಕು. ಅಮೋನಿಯಾ ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ. ಒಂದು ಕಿಲೋ ದ್ರವ ಅಮೋನಿಯಾ ಆವಿಯಾಗುವಾಗ ಸುಮಾರು 1,370 ಕಿಲೋಜೂಲ್ ಶಾಖ ಹೀರುತ್ತದೆ. ಮನೆಯ ಹಲವು ಫ್ರಿಜ್‌ಗಳಲ್ಲಿರುವ ಆರ್-134ಎ ಅನಿಲ ಹೀರುವುದು ಇದರ ಆರನೇ ಒಂದು ಭಾಗದಷ್ಟು ಮಾತ್ರ. ಬೆಲೆಯೂ ಅಗ್ಗ. ಓಝೋನ್ ಪದರಕ್ಕೆ ತೊಂದರೆಯಿಲ್ಲ, ಭೂಮಿಯ ಬಿಸಿಯನ್ನೂ ಏರಿಸುವುದಿಲ್ಲ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಅಮೋನಿಯಾ ಯಂತ್ರಗಳನ್ನು ಕಟ್ಟಿದ. ಅಲ್ಲಿಂದ ಇಲ್ಲಿಯ ತನಕ ಎಷ್ಟೋ ಅನಿಲಗಳು ಬಂದು ಹೋದವು, ಇದು ಮಾತ್ರ ಉಳಿದುಕೊಂಡಿದೆ. ಅಪಾಯಕಾರಿ ಅಂತ ಇದನ್ನು ಬಿಟ್ಟುಬಿಡಿ ಎನ್ನುವುದು ಸುಲಭ. ನಾನು ಹಾಗೆ ಹೇಳಲಾರೆ.

ಇದರಲ್ಲಿ ಇನ್ನೊಂದು ಒಳ್ಳೆಯ ಗುಣವಿದೆ. ಅದು ಹೇಳಿ ಬರುವ ಅನಿಲ. ಕಾರ್ಬನ್ ಮೊನಾಕ್ಸೈಡ್ ಹಾಗಲ್ಲ, ವಾಸನೆಯೇ ಇಲ್ಲದೆ ಬಂದು ನಿದ್ದೆಯಲ್ಲೇ ಕೊಲ್ಲುತ್ತದೆ. ಅಮೋನಿಯಾ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಐದಾರು ಪಾಲು ಸೇರಿದರೂ ಹಲವರ ಮೂಗಿಗೆ ಗೊತ್ತಾಗುತ್ತದೆ. ಈ ಅಳತೆಗೆ ಪಿಪಿಎಂ ಅನ್ನುತ್ತಾರೆ. ನಮ್ಮ 1948ರ ಕಾರ್ಖಾನೆ ಕಾಯ್ದೆ ಹಾಕಿದ್ದ ಮಿತಿಯ ಪ್ರಕಾರ ಎಂಟು ಗಂಟೆ ಕೆಲಸ ಮಾಡುವವನ ಉಸಿರಾಟದ ಗಾಳಿಯಲ್ಲಿ ಸರಾಸರಿ 25 ಪಿಪಿಎಂ ದಾಟಬಾರದು. ಸ್ವಲ್ಪ ಹೊತ್ತಿಗಾದರೆ 35. ಗಾಳಿಯಲ್ಲಿ 300 ಪಿಪಿಎಂ ಇದ್ದರೆ ಮುಖಕ್ಕೆ ಸರಿಯಾದ ಸಾಧನವಿಲ್ಲದೆ ನಿಲ್ಲುವುದು ಜೀವಕ್ಕೇ ಅಪಾಯ. 5,000 ದಾಟಿದರೆ ಕೆಲವೇ ನಿಮಿಷದಲ್ಲಿ ಸಾವು ಬರಬಹುದು.

ಈ 300 ಅನ್ನುವುದು ಎಷ್ಟು ಬೇಗ ಬರುತ್ತದೆ ನೋಡಿ. 65 ಅಡಿ ಉದ್ದ, 65 ಅಡಿ ಅಗಲ, 40 ಅಡಿ ಎತ್ತರದ ಒಂದು ಚೇಂಬರ್ ಇದೆ ಅಂದುಕೊಳ್ಳಿ. ಬಾಗಿಲು ಮುಚ್ಚಿದೆ. ಒಳಗಿನ ಪೈಪಿನಿಂದ ಒಂದೇ ಒಂದು ಕಿಲೋ ಅಮೋನಿಯಾ ಸೋರಿತು. ದ್ರವವಾಗಿದ್ದಾಗ ಎರಡು ಲೀಟರಿನ ಬಾಟಲಿಯನ್ನೂ ಅದು ತುಂಬುವುದಿಲ್ಲ. ಅಷ್ಟು ದೊಡ್ಡ ಚೇಂಬರಿನ ಗಾಳಿಯೆಲ್ಲ ಹತ್ತಿರ ಹತ್ತಿರ 300 ಪಿಪಿಎಂ ಆಗಲು ಅಷ್ಟು ಸಾಕು.

ಒಬ್ಬ ಹಳೆಯ ಆಪರೇಟರ್ ಜೊತೆ ಮಾತಾಡುವಾಗ ಗ್ಯಾಸ್ ಡಿಟೆಕ್ಟರ್ ಬಗ್ಗೆ ಕೇಳಿದೆ. ‘ಮೂಗಿಗಿಂತ ಚಲೋ ಮೀಟರ್ ಯಾವ್ದೈತ್ರಿ ಸರ?’ ಅಂದರು. ಅರ್ಧ ನಿಜ. ಉಳಿದರ್ಧದಲ್ಲಿ ಅಪಾಯವಿದೆ. ಮೂಗು ಬೇಗ ಒಗ್ಗಿಕೊಳ್ಳುತ್ತದೆ. ದಿನವೂ ಸ್ವಲ್ಪ ಸೋರುವ ರೂಮಿನಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಹೊಸಬನ ಕಣ್ಣಲ್ಲಿ ನೀರು ತರಿಸುವ ಗಾಳಿ ಏನೂ ಅನ್ನಿಸುವುದಿಲ್ಲ. ಅದರ ಮೇಲೆ ಇದು ಬ್ಯಾಡಗಿ. ಇಲ್ಲಿ ಕೆಮ್ಮು, ಸೀನು ಬಂದರೆ ಮೆಣಸಿನಕಾಯಿ ಧೂಳು ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾಯಿ ಘಾಟಿಗೆ ಮೊದಲು ಗಂಟಲು ಕೆರೆಯುತ್ತದೆ. ಅಮೋನಿಯಾಕ್ಕೆ ಕೊಟ್ಟಿಗೆ ವಾಸನೆಯ ಜೊತೆಗೇ ಕಣ್ಣು ಉರಿಯುತ್ತದೆ. ಈ ವ್ಯತ್ಯಾಸವನ್ನು ಚೀಲ ಹೊರುವ ಪ್ರತಿಯೊಬ್ಬ ಹಮಾಲನಿಗೂ ಮೊದಲ ದಿನವೇ ಹೇಳಿಕೊಡಬೇಕು. ಡಿಟೆಕ್ಟರ್ ಮಾತ್ರ ಎಷ್ಟು ವರ್ಷ ಕಳೆದರೂ ಅಭ್ಯಾಸವಾಯಿತು ಅಂತ ಸುಮ್ಮನಾಗುವುದಿಲ್ಲ. ಆಗಾಗ ಚೆಕ್ ಮಾಡಿಸಿ ಇಟ್ಟುಕೊಂಡರಾಯಿತು.

ಸೋರುವುದು ಎಲ್ಲಿ? ಪೈಪು ಒಡೆದು ಗ್ಯಾಸ್ ನುಗ್ಗುವುದನ್ನೇ ನಾವೆಲ್ಲ ಕಲ್ಪಿಸಿಕೊಳ್ಳುತ್ತೇವೆ. ಮೆಷಿನ್ ತನ್ನ ಪಾಡಿಗೆ ಓಡುವಾಗ ಅದು ಅಪರೂಪ. ಮನುಷ್ಯನ ಕೈ ವಾಲ್ವ್ ಮೇಲೆ ಇರುವಾಗಲೇ ಜಾಸ್ತಿ ಎಡವಟ್ಟಾಗುತ್ತದೆ. ಅದರಲ್ಲೂ ಆಯಿಲ್ ತೆಗೆಯುವ ಕೆಲಸ. ಕಂಪ್ರೆಸರಿನ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಗ್ಯಾಸ್ ಜೊತೆ ಮುಂದೆ ಹೋಗುತ್ತದೆ. ಸಾಮಾನ್ಯ ಖನಿಜ ಎಣ್ಣೆ ಅಮೋನಿಯಾದಲ್ಲಿ ಬೆರೆಯುವುದಿಲ್ಲ. ಒಂದು ಲೀಟರ್ ದ್ರವ ಅಮೋನಿಯಾದ ತೂಕ 600 ಗ್ರಾಂ ಆಸುಪಾಸು, ಎಣ್ಣೆ ಅದಕ್ಕಿಂತ ಭಾರ. ಹಾಗಾಗಿ ಅದು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಆಗಾಗ ತೆಗೆಯಲೇಬೇಕು.

ಆಪರೇಟರ್ ಬಕೆಟ್ ಇಟ್ಟು ತಳದ ವಾಲ್ವ್ ತಿರುಗಿಸುತ್ತಾನೆ. ತಣ್ಣಗಾದ ಎಣ್ಣೆ ಗಟ್ಟಿಯಾಗಿರುತ್ತದೆ, ಬೇಗ ಬರುವುದಿಲ್ಲ. ಇನ್ನೊಂದು ಸುತ್ತು ತಿರುಗಿಸುತ್ತಾನೆ. ಸಣ್ಣ ಧಾರೆ ಶುರುವಾಗುತ್ತದೆ. ಬಕೆಟ್ ತುಂಬಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಫೋನ್ ಬರುತ್ತದೆ. ಎಣ್ಣೆ ಮುಗಿಯಿತು ಅಂದರೆ ಅದರ ಹಿಂದೆಯೇ ಅಮೋನಿಯಾ ಒತ್ತಡದಲ್ಲಿ ಹೊರಗೆ ಚಿಮ್ಮುತ್ತದೆ. ವಾಲ್ವ್ ಮುಚ್ಚಬೇಕೆಂದರೆ ಆ ಮೋಡದ ಒಳಗೇ ಕೈ ಹಾಕಬೇಕು. ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಕೈ ಬಿಟ್ಟ ಕೂಡಲೇ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುವ ವಾಲ್ವ್ ಸಿಗುತ್ತದೆ. ಮೊದಲಿನ ವಾಲ್ವ್ ಮುಂದೆ ಅದನ್ನೂ ಹಾಕಿ, ಇಬ್ಬರು ನಿಂತು ಕೆಲಸ ಮಾಡಿದರೆ ಆಯಿತು. ಕೈ ನೋಯುತ್ತದೆ ಅಂತ ಆ ಹಿಡಿಕೆಗೆ ತಂತಿ ಕಟ್ಟಿ ತೆರೆದಿಡುವ ಬುದ್ಧಿವಂತರೂ ಇದ್ದಾರೆ. ಅಂಥವರಿಗೆ ಯಾವ ವಾಲ್ವ್ ಕೊಟ್ಟು ಏನು ಪ್ರಯೋಜನ?

ರಿಪೇರಿಯ ಇನ್ನೊಂದು ತಪ್ಪು ಹಿತ್ತಾಳೆ. ಅಮೋನಿಯಾ ಲೈನಿಗೆ ಉಕ್ಕೇ ಬೇಕು. ಸ್ವಲ್ಪ ತೇವ ಸೇರಿದರೂ ಸಾಕು, ಅದು ತಾಮ್ರ, ಹಿತ್ತಾಳೆ, ಸತು ಮೂರನ್ನೂ ತಿನ್ನುತ್ತದೆ. ಹಿತ್ತಾಳೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಂದು ದಿನ ಸೀಳಿಬಿಡುತ್ತದೆ. ಭಾನುವಾರ ಸಂಜೆ ಅರ್ಜೆಂಟ್ ಅಂತ ನೀರಿನ ನಲ್ಲಿಯ ಫಿಟಿಂಗ್ ತಂದು ಕೂರಿಸಿದರೆ ಸುಮ್ನೆ ಕಷ್ಟ ತಂದುಕೊಂಡ ಹಾಗೆ.

ಸಣ್ಣ ಸೋರಿಕೆ ಹುಡುಕಲು ಹಳಬರು ಗಂಧಕದ ಬತ್ತಿ ಹಚ್ಚಿ ಜಾಯಿಂಟ್‌ಗಳ ಹತ್ತಿರ ಹಿಡಿಯುತ್ತಾರೆ. ಅಮೋನಿಯಾ ಇದ್ದರೆ ದಟ್ಟ ಬಿಳಿ ಹೊಗೆ ಏಳುತ್ತದೆ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ನೀಲಿಯಾಗುತ್ತದೆ. ನೀರಿನಲ್ಲಿ ಕಲಸಿದ ಅರಿಶಿಣ ಹಚ್ಚಿದ ಕಾಗದವೂ ಕೆಂಪಗಾಗುತ್ತದೆ. ಅರಿಶಿಣಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದರ ಹಿಂದಿರುವ ರಸಾಯನವೇ ಅದು, ಅಮೋನಿಯಾವೂ ಸುಣ್ಣದಂತೆ ಕ್ಷಾರ. ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಚೆನ್ನಾಗಿದೆ. ಆದರೆ ವಾಸನೆ ಜೋರಾಗಿರುವ ಕಡೆ ಬೆಂಕಿಯ ಬತ್ತಿ ಹಿಡಿದು ಹೋಗಬೇಡಿ. ಗಾಳಿಯಲ್ಲಿ ಶೇಕಡಾ 15ರಿಂದ 28ರಷ್ಟು ಅಮೋನಿಯಾ ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಕಂಪ್ರೆಸರ್ ರೂಮಿನಲ್ಲಿ ಆ ಮಟ್ಟ ಬರಬಹುದು. ಎಕ್ಸಾಸ್ಟ್ ಫ್ಯಾನ್ ಸ್ವಿಚ್ ರೂಮಿನ ಹೊರಗೆ ಇರಬೇಕು ಅನ್ನುವುದು ಅದಕ್ಕೇ. ಗ್ಯಾಸ್ ಮಾಸ್ಕನ್ನು ಕಂಪ್ರೆಸರ್ ರೂಮಿನ ಒಳಗಿನ ಕಪಾಟಿನಲ್ಲಿ ಬೀಗ ಹಾಕಿ ಇಡುವುದು ನನಗಂತೂ ಅರ್ಥವಾಗದ ಸಂಗತಿ. ಸೋರಿದಾಗ ಅದನ್ನು ತರಲು ಯಾರು ಒಳಗೆ ಹೋಗಬೇಕು?

ಮಾಸ್ಕಿನ ಬಗ್ಗೆಯೂ ಒಂದು ಮಾತು. ಕೊರೊನಾ ಕಾಲದ ಬಟ್ಟೆ ಮಾಸ್ಕ್ ಇಲ್ಲಿ ಲೆಕ್ಕಕ್ಕಿಲ್ಲ. ಅಮೋನಿಯಾಕ್ಕೇ ಮಾಡಿದ ಫಿಲ್ಟರ್ ಡಬ್ಬಿ ಬೇಕು. ಅದೂ ಸಣ್ಣ ಸೋರಿಕೆಗೆ, ಸ್ವಲ್ಪ ಹೊತ್ತಿಗೆ ಮಾತ್ರ. ದೊಡ್ಡದಾದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ತರಬೇತಿಯಾದವರೇ ಒಳಗೆ ಹೋಗಬೇಕು.

ಹೊರಗಿನ ಜನ ಏನು ಮಾಡಬೇಕು? ಇಲ್ಲಿ ಪುಸ್ತಕದ ಒಂದು ವಾಕ್ಯ ದಾರಿ ತಪ್ಪಿಸುತ್ತದೆ. ಅಮೋನಿಯಾ ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ ಅಂತ ಓದಿರುತ್ತೇವೆ. ಬರೀ ಅನಿಲವಾಗಿದ್ದರೆ ಅದು ಸರಿ. ಒತ್ತಡದಲ್ಲಿದ್ದ ದ್ರವ ಚಿಮ್ಮಿದಾಗ ಮಾತ್ರ ಹಾಗಾಗುವುದಿಲ್ಲ. ಸಣ್ಣ ಸಣ್ಣ ಹನಿಗಳು, ಗಾಳಿಯ ತೇವ ಎಲ್ಲ ಸೇರಿ ತಣ್ಣನೆಯ ಬಿಳಿ ಮಂಜಾಗುತ್ತದೆ. ಈ ಮಂಜು ಭಾರ, ನೆಲದ ಮೇಲೇ ಹರಿಯುತ್ತದೆ. 2015ರ ಜೂನ್‌ನಲ್ಲಿ ಪಂಜಾಬಿನ ಲೂಧಿಯಾನಾ ಹತ್ತಿರ ದೋರಾಹಾದಲ್ಲಿ ಅಮೋನಿಯಾ ಟ್ಯಾಂಕರ್ ರಾತ್ರಿ ಹೊತ್ತು ಫ್ಲೈಓವರ್ ಕೆಳಗೆ ಸಿಕ್ಕಿಕೊಂಡು ಸೋರಿತು. ಆರು ಜನ ತೀರಿಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು.

ಆದ್ದರಿಂದ ಮೊದಲು ಗಾಳಿ ನೋಡಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮದಿಂದ ಜೋರಾಗಿ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ಕೋಲ್ಡ್ ಸ್ಟೋರೇಜ್ ಮಾಡಿನ ಮೇಲೆ ಒಂದು ಗಾಳಿಚೀಲ ಕಟ್ಟಿದ್ದರೆ ರಸ್ತೆಯಲ್ಲಿ ನಿಂತವನಿಗೂ ದಿಕ್ಕು ಗೊತ್ತಾಗುತ್ತದೆ. ಗಾಳಿ ಪೂರ್ವಕ್ಕೆ ಹೋಗುತ್ತಿದ್ದರೆ ಉತ್ತರಕ್ಕೋ ದಕ್ಷಿಣಕ್ಕೋ ಅಡ್ಡಲಾಗಿ ಓಡಬೇಕು. ಗಾಳಿಯ ಜೊತೆ ಓಡಿದರೆ ಗ್ಯಾಸೂ ಜೊತೆಗೇ ಬರುತ್ತದೆ. ಹೊರಡಲು ದಾರಿಯಿಲ್ಲದಿದ್ದರೆ ಮನೆಯೊಳಗಿದ್ದು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಡಿ. ಏರ್ ಕೂಲರ್ ಮೊದಲು ಬಂದ್ ಮಾಡಿ, ಅದು ಹೊರಗಿನ ಗಾಳಿಯನ್ನೇ ಒಳಗೆ ತಳ್ಳುತ್ತದೆ.

ಒದ್ದೆ ಬಟ್ಟೆ ಯಾಕೆ ಅಂದರೆ ಅಮೋನಿಯಾಕ್ಕೆ ನೀರು ಅಂದರೆ ಅಷ್ಟು ಇಷ್ಟ. ಒಂದು ಲೀಟರ್ ನೀರು ಸುಮಾರು 700 ಲೀಟರ್ ಅಮೋನಿಯಾ ಅನಿಲವನ್ನು ನುಂಗುತ್ತದೆ. ಮೂಗು, ಬಾಯಿಗೆ ಒದ್ದೆ ಟವೆಲ್ ಹಿಡಿದರೆ ಓಡಿ ಹೋಗುವಷ್ಟು ಹೊತ್ತು ಸ್ವಲ್ಪ ತಡೆಯುತ್ತದೆ. ಒಳಗೆ ಹೋಗಿ ಯಾರನ್ನೋ ಎಳೆದು ತರಲು ಅದು ಸಾಲದು. ಫೈರ್ ಬ್ರಿಗೇಡಿನವರು ಹರಿದು ಬರುವ ಮೋಡಕ್ಕೆ ಅಡ್ಡವಾಗಿ ನೀರಿನ ತೆರೆ ಎಬ್ಬಿಸುವುದೂ ಇದೇ ಕಾರಣಕ್ಕೆ. ನೆಲದಲ್ಲಿ ನಿಂತ ದ್ರವ ಅಮೋನಿಯಾದ ಮೇಲೆ ಮಾತ್ರ ನೀರು ಹೊಡೆಯಬಾರದು. ನೀರಿನ ಬಿಸಿಗೆ ಅದು ಇನ್ನೂ ಜೋರಾಗಿ ಕುದಿದು ಮೋಡ ದೊಡ್ಡದಾಗುತ್ತದೆ.

ಇದೇ ನೀರಿನ ಸೆಳೆತ ನಮ್ಮ ಮೈಗೆ ಮುಳುವು. ಕಣ್ಣು, ಗಂಟಲು, ಶ್ವಾಸಕೋಶ, ಬೆವರಿದ ಕಂಕುಳು, ಎಲ್ಲಿ ತೇವವಿದೆಯೋ ಅಲ್ಲಿ ಅದು ಕರಗಿ ಕ್ಷಾರವಾಗುತ್ತದೆ. ಕ್ಷಾರ ಚರ್ಮದ ಕೊಬ್ಬನ್ನು ಸೋಪಿನಂತೆ ಮಾಡಿ ಒಳಗಿಳಿಯುತ್ತಲೇ ಹೋಗುತ್ತದೆ. ಕಣ್ಣಿಗಂತೂ ಪ್ರತಿ ಸೆಕೆಂಡೂ ಮುಖ್ಯ. ರೆಪ್ಪೆ ಅಗಲಿಸಿ ಹಿಡಿದು ಕಡಿಮೆ ಅಂದರೂ 15 ನಿಮಿಷ ಹರಿಯುವ ನೀರು ಬಿಡಬೇಕು, ಆಮೇಲೆ ಆಸ್ಪತ್ರೆ. ಕ್ಷಾರಕ್ಕೆ ಹುಳಿ ಮದ್ದು ಅಂತ ನಿಂಬೆರಸ, ವಿನೆಗರ್ ಹಾಕಬೇಡಿ. ಎಣ್ಣೆ, ಬೆಣ್ಣೆಯೂ ಬೇಡ. ದ್ರವವೇ ಮೈಮೇಲೆ ಬಿದ್ದಿದ್ದರೆ ಬಟ್ಟೆ ಚರ್ಮಕ್ಕೆ ಹೆಪ್ಪುಗಟ್ಟಿ ಅಂಟಿರಬಹುದು. ಎಳೆದರೆ ಚರ್ಮವೂ ಕಿತ್ತು ಬರುತ್ತದೆ. ಮೊದಲು ಧಾರಾಳವಾಗಿ ನೀರು ಸುರಿದು, ಸಡಿಲಾದ ಮೇಲೆ ಬಿಚ್ಚಬೇಕು.

ಸರ್ಕಾರದ ನಿಯಮಗಳಿಲ್ಲವೇ ಅಂದರೆ, ಇವೆ. ಅಪಾಯಕಾರಿ ರಾಸಾಯನಿಕಗಳ ಬಗ್ಗೆ 1989ರಲ್ಲಿ ಬಂದ ಕೇಂದ್ರದ ನಿಯಮಗಳಲ್ಲಿ ಅಮೋನಿಯಾವೂ ಇದೆ. ಆದರೆ ಅದರ ಬಿಗಿಯಾದ ಭಾಗಗಳು ಐವತ್ತು ಟನ್‌ಗೂ ಮೇಲಿನ ದೊಡ್ಡ ದಾಸ್ತಾನಿನ ಲೆಕ್ಕದಲ್ಲಿ ಬರೆದಂಥವು. ಕೆಲವು ಟನ್ ಇರುವ ಊರ ಮಗ್ಗುಲಿನ ಕೋಲ್ಡ್ ಸ್ಟೋರೇಜ್ ಆ ಬಲೆಗೆ ಬೀಳುವುದಿಲ್ಲ. 1992ರ ಮಾರ್ಚ್‌ನಲ್ಲಿ ಸೆನೆಗಲ್ ದೇಶದ ಡಾಕಾರ್‌ನಲ್ಲಿ ಒಂದು ಶೇಂಗಾ ಎಣ್ಣೆ ಮಿಲ್ಲಿನ ಅಮೋನಿಯಾ ಟ್ಯಾಂಕ್ ಸಿಡಿಯಿತು. ಹಿಂದೆ ವೆಲ್ಡಿಂಗ್ ರಿಪೇರಿಯಾಗಿದ್ದ ಟ್ಯಾಂಕ್ ಅದು, ಮಿತಿಗಿಂತ ಜಾಸ್ತಿ ತುಂಬಿದ್ದರು. ಅದರಲ್ಲಿದ್ದದ್ದು 22 ಟನ್. ಸತ್ತವರು 129 ಮಂದಿ. ಟನ್ ಲೆಕ್ಕದಲ್ಲಿ ಸಣ್ಣದು ಅನ್ನಿಸಿದ್ದು ಜೀವದ ಲೆಕ್ಕದಲ್ಲಿ ಸಣ್ಣದಾಗಿರುವುದಿಲ್ಲ. ಕೋಲ್ಡ್ ಸ್ಟೋರೇಜ್ ಪಕ್ಕದ ಓಣಿಯವರು ಮಾಲೀಕರನ್ನು ಮೂರು ವಿಷಯ ಕೇಳಬಹುದು. ಸೈರನ್ ಎಲ್ಲಿದೆ, ಗಾಳಿಚೀಲ ಎಲ್ಲಿದೆ, ಕರೆಂಟ್ ಹೋದಾಗ ಡಿಟೆಕ್ಟರ್ ಓಡುತ್ತದೆಯೇ. ಕೇಳಿದರೆ ಯಾರೂ ಬೈಯುವುದಿಲ್ಲ, ಅಲ್ವಾ?

ವೈದ್ಯರ ವಿಷಯ ಒಂದು ಉಳಿಯಿತು. ಜಾಸ್ತಿ ಗ್ಯಾಸ್ ಕುಡಿದವರು ಹೊರಗೆ ಬಂದು ನೀರು ಕುಡಿದು ‘ಆರಾಮಿದ್ದೀನ್ರಿ’ ಅಂತ ಮನೆಗೆ ಹೊರಟುಬಿಡುತ್ತಾರೆ. ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಲು ಶುರುವಾಗಬಹುದು, ಗಂಟಲು ಊದಿಕೊಂಡು ಉಸಿರಿನ ದಾರಿ ಕಟ್ಟಬಹುದು. ಅವರನ್ನು ಒಬ್ಬರೇ ಮಲಗಲು ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರಿಗೆ ಬರೀ ಗ್ಯಾಸ್ ಅನ್ನದೆ ಅಮೋನಿಯಾ ಎಂದೇ ಹೇಳಿ. ಎಷ್ಟು ಹೊತ್ತು ಒಳಗಿದ್ದರು, ಯಾವಾಗ ಹೊರಬಂದರು ಅನ್ನುವುದನ್ನೂ ತಿಳಿಸಿ.