"ಒಂದಿನ ಪೂರ್ತಿ ಫ್ರೀ ಸಿಕ್ಕಿದ್ರೆ ಮುಗಿಸಿಬಿಡ್ತಿದ್ದೆ ಮೇಡಂ": ಅರ್ಧಕ್ಕೆ ನಿಂತ ಸ್ವೆಟರ್, ಕೌದಿಗೆ ಉತ್ತರ

ಪ್ರಶ್ನೆ: ಮೇಡಂ, ಎರಡು ವರ್ಷದ ಹಿಂದೆ ನಮ್ಮ ಯಜಮಾನ್ರಿಗೆ ಅಂತ ಸ್ವೆಟರ್ ಶುರು ಮಾಡಿದ್ದೆ. ಹಿಂದಿನ ಭಾಗ ಮುಗಿದಿದೆ, ಮುಂದಿನದ್ದು ಅರ್ಧಕ್ಕೆ ನಿಂತಿದೆ. ಅತ್ತೆಯವರ ಹಳೇ ಸೀರೆಗಳಲ್ಲಿ ಒಂದು ಕೌದಿ ಶುರು ಮಾಡಿದ್ದೆ, ಅದೂ ಮಂಚದ ಕೆಳಗೆ ಹಂಗೇ ಇದೆ. ಟೈಮೇ ಸಿಗ್ತಿಲ್ಲ. ಒಂದಿನ ಪೂರ್ತಿ ಫ್ರೀ ಸಿಕ್ಕಿದ್ರೆ ಕೂತು ಮುಗಿಸಿಬಿಡ್ತಿದ್ದೆ. ಏನ್ ಮಾಡ್ಲಿ?

ಈ ಪ್ರಶ್ನೆ ನಂಗೆ ದೀಪಾವಳಿ ಕಳೆದು ಚಳಿ ಶುರುವಾದ್ರೆ ಸಾಕು, ವಾರಕ್ಕೆ ಎರಡು ಮೂರು ಸಲ ಬರುತ್ತೆ, ಹೆಸರು ಬೇರೆ ಊರು ಬೇರೆ ಅಷ್ಟೇ, ಆ ಕೊನೇ ಮಾತು ಮಾತ್ರ ಎಲ್ಲರದ್ದೂ ಒಂದೇ. "ಒಂದಿನ ಪೂರ್ತಿ ಫ್ರೀ ಸಿಕ್ಕಿದ್ರೆ." ಹದಿನೈದು ವರ್ಷದಿಂದ ಮನೇಲಿ ಹೆಣಿಗೆ ಹೇಳಿಕೊಡ್ತಿದೀನಿ, ಈ ಮಾತನ್ನ ತಲೆಯಿಂದ ತೆಗೆಸೋದೇ ನನಗೆ ಸ್ವೆಟರ್ ಕಲಿಸೋದಕ್ಕಿಂತ ದೊಡ್ಡ ಕೆಲಸ ಆಗಿದೆ. ಹಾಗಾಗಿ ಇವತ್ತು ಲೆಕ್ಕ ಹಾಕಿಯೇ ತೋರಿಸ್ತೀನಿ, ಪೆನ್ನು ಪೇಪರ್ ತಗೊಂಡು ಕೂತ್ಕೊಳ್ಳಿ.

ಸಾಮಾನ್ಯವಾಗಿ ನಾವು ತಗೊಳ್ಳೋ ಮಧ್ಯಮ ದಪ್ಪದ ಉಲ್ಲನ್‌ನಲ್ಲಿ 4 ಮಿ.ಮೀ. ಕಡ್ಡಿ ಇಟ್ಟು ಹೆಣೆದ್ರೆ 10 ಸೆಂಟಿಮೀಟರ್ ಅಗಲಕ್ಕೆ 22 ಸ್ಟಿಚ್, 10 ಸೆಂಟಿಮೀಟರ್ ಉದ್ದಕ್ಕೆ 28 ಸಾಲು ಬರುತ್ತೆ ಅಂತಿಟ್ಕೊಳ್ಳಿ. ಎದೆ ಸುತ್ತಳತೆ 100 ಸೆಂಟಿಮೀಟರ್ ಬರೋ ಗಂಡಸರ ಸ್ವೆಟರ್, ಹಿಂದಿನ ಭಾಗ 50 ಸೆಂ.ಮೀ. ಅಗಲ, ಅಂದ್ರೆ 110 ಸ್ಟಿಚ್. ಉದ್ದ 60 ಸೆಂ.ಮೀ., ಅಂದ್ರೆ 168 ಸಾಲು. ಗುಣಿಸಿ, 18,480 ಸ್ಟಿಚ್. ಮುಂದಿನ ಭಾಗವೂ ಹತ್ರ ಹತ್ರ ಅಷ್ಟೇ. ತೋಳು ಕೆಳಗೆ ಕಿರಿದು ಮೇಲೆ ಅಗಲ, ಸರಾಸರಿ 75 ಸ್ಟಿಚ್ ಅಂತ ಹಿಡಿದು 126 ಸಾಲು ಹಾಕಿದ್ರೆ ಒಂದೊಂದು ತೋಳಿಗೆ 9,450. ಕುತ್ತಿಗೆ, ಕಂಕುಳ ಹತ್ರ ಕಮ್ಮಿ ಮಾಡೋದನ್ನ ಕಳೆದ್ರೂ ಎಲ್ಲ ಸೇರಿ 55 ಸಾವಿರದ ಆಸುಪಾಸು. ಕೈ ಕುದುರಿದವರು ನಿಮಿಷಕ್ಕೆ 25 ಸ್ಟಿಚ್ ಹಾಕ್ತಾರೆ ಅಂದ್ರೂ 2,200 ನಿಮಿಷ, ಅಂದ್ರೆ ಮೂವತ್ತಾರು ಮೂವತ್ತೇಳು ಗಂಟೆ. ನೀವು ಕೇಳ್ತಿರೋ ಆ ಒಂದು ಫ್ರೀ ದಿನದಲ್ಲಿ ಅಡುಗೆ ಬಿಟ್ಟು, ಫೋನ್ ಬಿಟ್ಟು, ಎಂಟು ಗಂಟೆ ಕೂತ್ರೂ ಕಾಲು ಭಾಗ ಆಗಲ್ಲ. ಸ್ವೆಟರ್ ಮುಗಿಯೋಕೆ ಅಂಥ ಐದು ದಿನ ಬೇಕು. ಎರಡು ವರ್ಷದಲ್ಲಿ ಒಂದು ಸಿಗದೇ ಇರೋ ದಿನ ಸಾಲಾಗಿ ಐದು ಎಲ್ಲಿಂದ ತರ್ತೀರಾ?

ಸರಿ, ದೇವರು ಕರುಣಿಸಿ ಕೊಟ್ಟೇ ಬಿಟ್ಟ ಅಂದ್ಕೊಳ್ಳಿ. ಕೈ ಒಪ್ಪಲ್ಲ. ಒಂದು ಸಲ ಮನೆಯವರೆಲ್ಲ ಮದುವೆಗೆ ಹೋಗಿದ್ರು, ನಂಗೆ ಜ್ವರ ಬಿಟ್ಟು ಸುಸ್ತಿತ್ತು ಅಂತ ನಾನೊಬ್ಳೇ ಉಳಿದಿದ್ದೆ, ಬೆಳಿಗ್ಗೆ ಒಂಬತ್ತಕ್ಕೆ ಕೂತವಳು ಸಂಜೆವರೆಗೂ ಮಗಳ ಕಾರ್ಡಿಗನ್ ಹೆಣೆದೆ. ಮಾರನೇ ದಿನ ಬೆಳಕಿಗೆ ಹಿಡಿದು ನೋಡ್ತೀನಿ, ಬೆಳಗಿನ ಹೆಣಿಗೆ ಮೆತ್ತಗೆ ಸಡಿಲವಾಗಿದೆ, ಮಧ್ಯಾಹ್ನದ್ದು ಬಿಗಿ, ಸಂಜೆದ್ದು ಇನ್ನೂ ಬಿಗಿ, ಒಂದು ಬಣ್ಣದ ಉಲ್ಲನ್ನಲ್ಲೇ ಮೂರು ಪಟ್ಟಿ ಬಂದಂಗೆ ಕಾಣ್ತಿತ್ತು. ಕೈ ದಣಿದಾಗ ನಮಗೇ ಗೊತ್ತಿಲ್ದಂಗೆ ದಾರನ ಬೆರಳಿಗೆ ಬಿಗಿಯಾಗಿ ಎಳ್ಕೋತೀವಿ. ಮೇಲಿನ ನಲವತ್ತು ಸಾಲು ಬಿಚ್ಚಿದೆ. ಬಲಗೈ ಹೆಬ್ಬೆರಳ ಬುಡ ನಾಲ್ಕು ದಿನ ನೋವು, ಆ ನಾಲ್ಕು ದಿನ ಕಡ್ಡಿ ಮುಟ್ಟಲಿಲ್ಲ. ಹಾಗಾಗಿ ಆ ಫ್ರೀ ದಿನ ನಂಗೆ ಕೊಟ್ಟಿದ್ದಕ್ಕಿಂತ ಕಿತ್ಕೊಂಡಿದ್ದೇ ಜಾಸ್ತಿ.

ಈಗ ಅದೇ ಲೆಕ್ಕನ ಉಲ್ಟಾ ಹಾಕಿ. 110 ಸ್ಟಿಚ್ಚಿನ ಒಂದು ಸಾಲಿಗೆ ನಾಲ್ಕೂವರೆ ನಿಮಿಷ. ಅರ್ಧ ಗಂಟೇಲಿ ಆರೇಳು ಸಾಲು, ಅಂದ್ರೆ ಹತ್ರ ಹತ್ರ ಒಂದಿಂಚು. ದಿನಕ್ಕೊಂದಿಂಚು ಬೆಳೆದ್ರೆ ಹಿಂದಿನ ಭಾಗ ಇಪ್ಪತ್ನಾಲ್ಕು ಇಪ್ಪತ್ತೈದು ದಿನ. ನಿಮ್ಮದು ಹಿಂದಿನದು ಆಗಿದೆ, ಮುಂದಿನದು ಅರ್ಧ ಆಗಿದೆ, ಉಳಿದಿರೋದು ಅರ್ಧ ಮುಂಭಾಗ, ಎರಡು ತೋಳು. ಅದು ಮೂವತ್ತೇಳು ದಿನದ ಅರ್ಧರ್ಧ ಗಂಟೆ. ಇವತ್ತು ಶುರು ಮಾಡಿದ್ರೆ ಚಳಿ ಇರೋವಾಗಲೇ ನಿಮ್ಮ ಯಜಮಾನ್ರು ಹಾಕ್ಕೋಬಹುದು!

"ಅರ್ಧ ಗಂಟೆನೂ ಸಿಗಲ್ಲ ಮೇಡಂ" ಅಂತೀರಾ, ಗೊತ್ತು. ಕುಕ್ಕರ್ ಮೂರು ವಿಷಲ್ ಹೊಡೆಯೋದ್ರೊಳಗೆ ಎರಡು ಸಾಲು ಆಗುತ್ತೆ. ಮಗು ಟ್ಯೂಷನ್‌ನಿಂದ ಹೊರಗೆ ಬರೋವರೆಗೆ ಸ್ಕೂಟರ್ ಮೇಲೆ ಕೂತು ಮೂರು ಸಾಲು ಆಗುತ್ತೆ. ಆದ್ರೆ ಇಲ್ಲೊಂದು ಷರತ್ತಿದೆ, ನಿಜವಾದ ತೊಂದರೆ ಇರೋದೇ ಅಲ್ಲಿ. ಚೀಲ ತೆಗೆದ ತಕ್ಷಣ ಕೈ ಓಡಬೇಕು. ನಿಮ್ಮ ಸ್ವೆಟರ್ ನಿಂತಿರೋದು ಟೈಮ್ ಇಲ್ಲ ಅಂತಲ್ಲ, ಚೀಲ ತೆಗೆದ್ರೆ ಎಲ್ಲಿದ್ದೆ ಏನ್ಮಾಡ್ತಿದ್ದೆ ಅಂತ ಹೊಳೆಯೋಕೇ ಇಪ್ಪತ್ತು ನಿಮಿಷ ಬೇಕು ಅಂತ. ಎಷ್ಟು ಸಾಲಾಗಿತ್ತು, ಕುತ್ತಿಗೆಗೆ ಎಲ್ಲಿಂದ ಕಮ್ಮಿ ಮಾಡ್ಬೇಕು, ಯಾವ ಕಡ್ಡಿ, ಒಂದೂ ನೆನಪಿಲ್ಲ. ನೆನಪಾಗದ ಕೆಲಸ ನೋಡಿದ್ರೆ ಮನಸ್ಸು ಹಿಂದೆ ಸರಿಯುತ್ತೆ, ಮತ್ತೆ ಚೀಲ ಮುಚ್ಚಿ "ಒಂದಿನ ಪೂರ್ತಿ ಸಿಗ್ಲಿ" ಅಂತೀವಿ.

ಇದಕ್ಕೆ ನಾನು ನನ್ನ ಹುಡುಗೀರಿಗೆಲ್ಲ ಮೊದಲ ದಿನವೇ ಒಂದು ಚೀಟಿ ಬರೆಸ್ತೀನಿ, ಸೇಫ್ಟಿ ಪಿನ್ನಲ್ಲಿ ಹೆಣಿಗೆಗೇ ಚುಚ್ಚಿರುತ್ತೆ. ಕಡ್ಡಿ ಸೈಜು, ಒಟ್ಟು ಸ್ಟಿಚ್, ಇವತ್ತು ನಿಂತ ಸಾಲು, ನಾಳೆ ಮಾಡ್ಬೇಕಾದ್ದು. ಈ ಕೊನೇದು ಬಹಳ ಮುಖ್ಯ. "ಸೀದಾ ಸಾಲು, ಎರಡೂ ಕಡೆ ಒಂದೊಂದು ಕಮ್ಮಿ" ಅಂತ ಬರೆದಿದ್ರೆ ನಾಳೆ ಯೋಚನೆ ಮಾಡೋ ಹಾಗೇ ಇಲ್ಲ, ಕಡ್ಡಿ ಹಿಡಿದ್ರೆ ಆಯ್ತು. ಇನ್ನೊಂದು, ಸಾಲಿನ ಮಧ್ಯ ಎದ್ದು ಹೋಗ್ಬೇಡಿ, ಯಾರೇ ಬೆಲ್ ಮಾಡ್ಲಿ. ಮಧ್ಯ ಬಿಟ್ರೆ ಅಲ್ಲಿ ಸ್ಟಿಚ್ ಹಿಗ್ಗಿ ಗುರುತಾಗುತ್ತೆ, ಕಡ್ಡಿಯಿಂದ ಜಾರೋದೂ ಅಲ್ಲೇ.

ಕಡ್ಡಿ ಸೈಜು ಬರೀರಿ ಅಂತ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಅರ್ಧಕ್ಕೆ ಬಿಟ್ಟವರು ಮಾಡೋ ಮೊದಲ ತಪ್ಪು, ಆ ಕಡ್ಡಿ ಬೇರೆ ಕೆಲಸಕ್ಕೆ ಬೇಕಾಯ್ತು ಅಂತ ಸ್ಟಿಚ್ಚನ್ನ ದಾರಕ್ಕೆ ಪೋಣಿಸಿಟ್ಟು ಕಡ್ಡಿ ಎತ್ಕೊಂಡಿರ್ತಾರೆ. ಆಮೇಲೆ ಕೈಗೆ ಸಿಕ್ಕಿದ ಕಡ್ಡಿಲಿ ಮುಂದುವರಿಸ್ತಾರೆ. 10 ಸೆಂಟಿಮೀಟರಿಗೆ 22 ಬರೋ ಕಡೆ 20 ಬಂದ್ರೆ ಅದೇ 110 ಸ್ಟಿಚ್ 50 ಸೆಂಟಿಮೀಟರ್ ಬದಲು 55 ಆಗುತ್ತೆ, ಹಿಂದಿನ ಭಾಗಕ್ಕೂ ಮುಂದಿನದಕ್ಕೂ ಐದು ಸೆಂಟಿಮೀಟರ್ ವ್ಯತ್ಯಾಸ, ಬದಿ ಸೇರಿಸಿ ಹೊಲಿಯೋಕೇ ಆಗಲ್ಲ. ಮತ್ತೆ ನಂಬರ್ ನಂಬಬೇಡಿ, ಮಿಲಿಮೀಟರ್ ಬರೀರಿ. ನಮ್ಮ ಅಂಗಡಿಗಳಲ್ಲಿ ಈಗಲೂ ಹಳೇ ಬ್ರಿಟಿಷ್ ನಂಬರ್ ಹೇಳಿ ಕೊಡ್ತಾರೆ, ಅದರಲ್ಲಿ ನಂಬರ್ ಜಾಸ್ತಿ ಆದಂಗೆ ಕಡ್ಡಿ ಸಣ್ಣ, 8 ಅಂದ್ರೆ 4 ಮಿ.ಮೀ., 10 ಅಂದ್ರೆ 3.25 ಮಿ.ಮೀ. ಯೂಟ್ಯೂಬಲ್ಲಿ ಅಮೆರಿಕದವರು 8 ಅಂದ್ರೆ 5 ಮಿ.ಮೀ., ಅವರದ್ದು ನಂಬರ್ ಜಾಸ್ತಿ ಆದಂಗೆ ದಪ್ಪ. ಅವರ ವಿಡಿಯೋ ನೋಡಿ ನಮ್ಮ 8ರಲ್ಲಿ ಹೆಣೆದು "ಚಿಕ್ಕದಾಯ್ತು" ಅಂತ ಅಳೋರನ್ನ ಎಷ್ಟು ಜನರನ್ನ ಸಮಾಧಾನ ಮಾಡಿದೀನೋ!

ಕೌದಿ ವಿಷಯಕ್ಕೆ ಬರ್ತೀನಿ. ಅದಕ್ಕೂ ಇದೇ ಲೆಕ್ಕ, ಆದ್ರೆ ಅದನ್ನ ನಾನು ಕಲಿತಿದ್ದು ಗದಗ ಕಡೆಯವಳಾದ ನಮ್ಮವ್ವನ ಹತ್ರ, ಅವಳಿಗೆ ಇಂಚು ಸೆಂಟಿಮೀಟರ್ ಯಾವುದೂ ಬೇಕಿರಲಿಲ್ಲ. ಅವಳ ಅಳತೆ "ದಾರ". ಎರಡು ಮೊಳ ಉದ್ದ ಕತ್ತರಿಸಿ ಸೂಜಿಗೆ ಪೋಣಿಸಿದ್ರೆ ಅದು ಒಂದು ದಾರ. "ಒಂದ್ ದಾರ ಮುಗಿಸೇ ಏಳ್ಬೇಕವ್ವ, ಅರ್ಧ ದಾರ ಬಿಟ್ಟು ಏಳಬಾರ್ದು" ಅಂತಿದ್ಲು. ಮಧ್ಯಾಹ್ನ ಊಟ ಆಗಿ ಎರಡು ದಾರ, ದೀಪ ಹಚ್ಚೋ ಮುಂಚೆ ಎರಡು ದಾರ. ನಾನು ದೊಡ್ಡವಳಾದ ಮೇಲೆ ಕುತೂಹಲಕ್ಕೆ ಲೆಕ್ಕ ಹಾಕಿದೆ. ನಾಲ್ಕೂವರೆ ಅಡಿ ಅಗಲ, ಆರೂವರೆ ಅಡಿ ಉದ್ದದ ಕೌದಿ, ಸಾಲಿಂದ ಸಾಲಿಗೆ ಅರ್ಧ ಇಂಚು ಬಿಟ್ಟು ಹೊಲಿದ್ರೆ ಹೊಲಿಗೆ ಉದ್ದ ಒಟ್ಟು 700 ಅಡಿ ಆಗುತ್ತೆ. ನಾಲ್ಕೈದು ಪದರದ ಒಳಗೆ ಇಳಿದು ಏಳೋದ್ರಿಂದ ಮೂರಡಿ ದಾರಕ್ಕೆ ಸುಮಾರು ಎರಡೂವರೆ ಅಡಿ ಹೊಲಿಗೆ ಸಿಗುತ್ತೆ. ಹಾಗಾದ್ರೆ ಒಂದು ಕೌದಿಗೆ 280 ದಾರ. ಒಂದು ದಾರಕ್ಕೆ ಐದಾರು ನಿಮಿಷ, ದಿನಕ್ಕೆ ನಾಲ್ಕು ದಾರ ಅಂದ್ರೆ ಎಪ್ಪತ್ತು ದಿನ. ಅವ್ವ ದೀಪಾವಳಿಗೆ ಹಾಸಿದ ಕೌದಿ ಸಂಕ್ರಾಂತಿ ಹೊತ್ತಿಗೆ ಮುಗೀತಿತ್ತು, ಲೆಕ್ಕ ಕರೆಕ್ಟಾಗಿ ಕೂತ್ಕೊಂಡಾಗ ನಂಗೆ ಮೈ ಜುಂ ಅಂತು.

ಕೌದಿಯಲ್ಲಿ ಜನ ನಿಲ್ಲಿಸೋದು ಸೂಜಿ ಪೋಣಿಸೋ ಕಡೆ. ಚಾಳೀಸು ಬಂದ ಮೇಲೆ ರಾತ್ರಿ ಟ್ಯೂಬ್‌ಲೈಟಲ್ಲಿ ಪೋಣಿಸೋದು ಒಂದು ಯುದ್ಧ. ನಾನು ಬೆಳಿಗ್ಗೆ ಕಾಲೇಜಿಗೆ ಹೊರಡೋ ಮಗಳ ಕೈಲಿ ಆರು ಸೂಜಿ ಪೋಣಿಸಿಸಿ ಕೌದಿ ಅಂಚಿಗೇ ಸಾಲಾಗಿ ಚುಚ್ಚಿಸಿಡ್ತೀನಿ, ದಾರ ಆರೂ ಕೆಳಗೆ ಜೋತಾಡ್ತಿರುತ್ತೆ. ಸಂಜೆ ಬಂದು ಕೂತ್ರೆ ಸೂಜಿ ಎತ್ತೋದು ಹೊಲಿಯೋದು. ಸೂಜಿ ಖಾಲಿ ಆದ್ರೆ ಅವತ್ತಿನ ಕೆಲಸ ಮುಗೀತು.

ಇನ್ನೊಂದು, ನಿಮ್ಮ ಕೌದಿ ಮಂಚದ ಕೆಳಗೆ ಹೋಗಿರೋದು ಅದನ್ನ ಪೂರ್ತಿ ನೆಲಕ್ಕೆ ಹಾಸಿದ್ರೇನೇ ಹೊಲಿಯೋಕಾಗೋದು ಅಂದ್ಕೊಂಡಿರೋದ್ರಿಂದ. ಹಾಸಬೇಕಾಗಿರೋದು ಒಂದೇ ಸಲ, ಪದರ ಸುಕ್ಕಿಲ್ದಂಗೆ ಕೂರಿಸಿ ಗೇಣುದ್ದ ಗೇಣುದ್ದ ಕಚ್ಚಾ ಹೊಲಿಗೆ ಹಾಕೋವಾಗ. ಆಮೇಲೆ ತೊಡೆ ಮೇಲೆ ಇಟ್ಕೊಂಡು ಹೊಲೀಬಹುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕವಂದಿ, ಅಂದ್ರೆ ಅವರ ಕೌದಿ, ನೋಡಿ. ಅವರು ಮೂಲೆಯಿಂದ ಶುರು ಮಾಡಿ ಅಂಚು ಸುತ್ತಿ ಸುತ್ತಿ ನಡುವಿಗೆ ಬರ್ತಾರೆ, ಬಟ್ಟೆ ತುಂಡನ್ನ ಮೊದಲೇ ಕತ್ತರಿಸಿ ಡಿಸೈನ್ ಬರೆದಿಟ್ಕೊಳ್ಳಲ್ಲ, ಹೊಲೀತಾ ಹೊಲೀತಾ ಮುಂದಿನ ತುಂಡು ಆರಿಸ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂವು, ಫುಲಾ ಅಂತಾರೆ, ಅದಿಲ್ಲದಿದ್ರೆ ಕವಂದಿ ಪೂರ್ತಿ ಆಯ್ತು ಅನ್ನಲ್ಲ. ಪ್ರತಿ ಸುತ್ತಿಗೂ ನಡುವಿನ ಖಾಲಿ ಜಾಗ ಚಿಕ್ಕದಾಗ್ತಾ ಹೋಗೋದು ಕಣ್ಣಿಗೇ ಕಾಣುತ್ತೆ, ಅದನ್ನ ನೋಡಿದ ಮೇಲೆ ನಾನು ನಮ್ಮ ಉದ್ದುದ್ದ ಸಾಲು ಬಿಟ್ಟು ಸುತ್ತು ಹೊಲಿಗೆಗೇ ಬಂದೆ.

ಒಂದು ಮುಗಿಯೋವರೆಗೆ ಇನ್ನೊಂದು ಶುರು ಮಾಡ್ಬಾರ್ದಾ ಅಂತಾನೂ ಕೇಳ್ತಾರೆ. ಎರಡಿರಲಿ, ಒಂದು ತಲೆ ಓಡಿಸಬೇಕಾದ್ದು, ಒಂದು ಬರೀ ಕೈ ಓಡಿದ್ರೆ ಸಾಕಾಗೋದು. ಮೂರನೇದು ಬೇಡ.

ಈಗ ಯಾರೂ ಕೇಳದೇ ಇರೋದೊಂದು ಹೇಳ್ತೀನಿ. ಆ ಸ್ವೆಟರ್ ಮುಗಿಸಲೇಬೇಕಾ? ಎರಡು ವರ್ಷದಲ್ಲಿ ಯಜಮಾನ್ರ ಅಳತೆ ಬದಲಾಗಿರಬಹುದು, ಅವರಿಗೆ ಆ ಬಣ್ಣ ಬೇಡವೇ ಬೇಡ ಇರಬಹುದು. ಮೊದಲು ಹಿಂದಿನ ಭಾಗ ಅವರ ಬೆನ್ನಿಗೆ ಹಿಡಿದು ನೋಡಿ. ಆಗಲ್ಲ ಅನ್ಸಿದ್ರೆ ಧೈರ್ಯವಾಗಿ ಬಿಚ್ಚಿ, ಬಿಚ್ಚೋದು ಸೋಲಲ್ಲ, ಉಲ್ಲನ್ ವಾಪಸ್ ಕೈಗೆ ಬಂತು ಅಷ್ಟೇ. ಕುರ್ಚಿ ಬೆನ್ನಿಗೆ ಸುತ್ತುತ್ತಾ ಬಿಚ್ಚಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿಗೆ ಒಂಚೂರು ಶಾಂಪೂ ಹಾಕಿ ನೆನೆಸಿ, ಹಿಂಡದೆ ಟವೆಲಲ್ಲಿ ಒತ್ತಿ, ನೆರಳಲ್ಲಿ ನೇತು ಹಾಕಿ. ಸುರುಳಿ ಸುರುಳಿ ಆಗಿದ್ದ ದಾರ ನೇರ ಆಗುತ್ತೆ. ಆದ್ರೆ ಇದು ನಿಜವಾದ ಉಣ್ಣೆಗೆ. ನಮ್ಮಲ್ಲಿ ಅಂಗಡಿಯವರು ಎಲ್ಲದಕ್ಕೂ ಉಲ್ಲನ್ ಅಂತಾರೆ, ಬಹಳಷ್ಟು ಅಕ್ರಿಲಿಕ್. ಒಂದು ಎಳೆ ಕತ್ತರಿಸಿ ಚಿಮುಟದಲ್ಲಿ ಹಿಡಿದು ಸಿಂಕ್ ಮೇಲೆ ಸುಟ್ಟು ನೋಡಿ, ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಪುಡಿ ಆದ್ರೆ ಉಣ್ಣೆ, ಕರಗಿ ಗಟ್ಟಿ ಕರೀ ಮಣಿ ಆದ್ರೆ ಅಕ್ರಿಲಿಕ್. ಅಕ್ರಿಲಿಕ್ ಸುರುಳಿ ಪೂರ್ತಿ ಹೋಗಲ್ಲ, ಇಸ್ತ್ರಿ ಪೆಟ್ಟಿಗೆ ಮಾತ್ರ ಅದಕ್ಕೆ ತಾಗಿಸ್ಬೇಡಿ, ಜೀವ ಹೋದಂಗೆ ಜೋತು ಬೀಳುತ್ತೆ, ಮತ್ತೆ ಮೊದಲಿನಂಗೆ ಆಗಲ್ಲ. ಮುಂದುವರಿಸೋದೇ ಆದ್ರೆ ಉಳಿದ ಉಂಡೆ ಸಾಕಾ ನೋಡಿ, ಲೇಬಲ್ ಮೇಲಿನ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ಉಂಡೆಗಳಿಗೆಲ್ಲ ಒಂದೇ ನಂಬರ್ ಇರುತ್ತೆ) ತಗೊಂಡೇ ಅಂಗಡಿಗೆ ಹೋಗಿ, ಅದು ಸಿಗದಿದ್ರೆ ಹೊಸ ಉಂಡೆನ ತೋಳಿಗೆ ಇಟ್ಕೊಳ್ಳಿ, ಮುಂಭಾಗದ ನಡುವೆ ಸೇರಿಸಿದ್ರೆ ಬಣ್ಣದ ಗೆರೆ ಎದ್ದು ಕಾಣುತ್ತೆ.

ಕೌದಿ ಮಾತ್ರ ಬಿಚ್ಚೋ ಪ್ರಶ್ನೆನೇ ಇಲ್ಲ. ಸಾಲು ಸೊಟ್ಟ ಆದ್ರೆ ಸೊಟ್ಟನೇ ಇರಲಿ, ಹರಿದ್ರೆ ಮೇಲೆ ಇನ್ನೊಂದು ಸೀರೆ ಪದರ ಹಾಕಿ ಹೊಲಿಯೋದು. ಅವ್ವನ ಕೌದಿ ಒಂದು ನನ್ನ ಹತ್ರ ಇದೆ, ಮೂಲೆ ಹರಿದ ಕಡೆ ಒಳಗಿಂದ ಇನ್ನೂ ಹಳೇದೊಂದು ಕೌದಿ ಇಣುಕುತ್ತೆ, ಅದರ ಮೇಲೆ ಹಸಿರು ಇಳಕಲ್ ಸೀರೆ ದಡಿ. ಈ ಚಳಿಗಾಲಕ್ಕೆ ಅದಕ್ಕೆ ನನ್ನದೊಂದು ಪದರ ಹಾಕ್ತಿದೀನಿ. ನಿನ್ನೆಗೆ ಮೂವತ್ತಾರು ದಾರ ಆಯ್ತು.