ಮದುವೆ ಡಿವಿಡಿಯಲ್ಲಿ ಸೀರೆ ಜರಿ ಎಲ್ಲಿ ಹೋಯ್ತು?

ಹಾಸನದ ಕಡೆ 2005ರಿಂದ 2010ರೊಳಗಿನ ಯಾವ್ದಾದ್ರೂ ಮದುವೆ ಡಿವಿಡಿ ಹಾಕಿ ನೋಡಿ. ಶುರುವಿಗೆ ಟೈಟಲ್ ಆನಿಮೇಷನ್, ಹೂವು ಉದುರುತ್ತೆ, ಹೆಣ್ಣು ಗಂಡಿನ ಹೆಸರು ಸುತ್ತಿಕೊಂಡು ಬರುತ್ತೆ, ಅಕ್ಷರದ ಅಂಚಿಗೆಲ್ಲ ಸೊಳ್ಳೆ ಮುತ್ತಿದ ಹಾಗೆ ಚುಕ್ಕಿ, ಹಿಂದಿನ ನೀಲಿ ಬಣ್ಣ ಪಟ್ಟೆ ಪಟ್ಟೆ. ಅಕ್ಷತೆ ಬಿತ್ತೋ, ಇಡೀ ಮಂಟಪ ಚೌಕ ಚೌಕ. ಬೈಸಿಕೊಂಡಿದ್ದು ಕ್ಯಾಮೆರಾದವ್ರು, ಆದ್ರೆ ಅವರ ಮಿನಿ ಡಿವಿ ಟೇಪಲ್ಲಿ ಜರಿ ನೀಟಾಗೇ ಇರ್ತಿತ್ತು.

ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ. ಟೇಪಲ್ಲಿ ವಿಡಿಯೋ ಸೆಕೆಂಡಿಗೆ 25 ಮೆಗಾಬಿಟ್, ಒಂದು ಗಂಟೆಗೆ ಹತ್ತಿರ ಹತ್ತಿರ 13 ಜಿಬಿ. ಡಿವಿಡಿ ಹಿಡಿಯೋದೇ 4.7 ಜಿಬಿ. ಅದರಲ್ಲಿ ವಿಡಿಯೋ 9.8 ಮೆಗಾಬಿಟ್ ತನಕ ಹೋಗಬಹುದು, ಆದ್ರೆ ಚಪ್ಪರದಿಂದ ಆರತಕ್ಷತೆ ತನಕ ಮೂರು ಗಂಟೆ ಒಂದೇ ಡಿಸ್ಕಿಗೆ ತುರುಕಿದ್ರೆ ಸಿಗೋದು ಸೆಕೆಂಡಿಗೆ ಮೂರೂವರೆ ಮೆಗಾಬಿಟ್‌ಗೂ ಕಮ್ಮಿ. ಅದರಲ್ಲೂ ವಾಲಗದ ಸದ್ದನ್ನ ಪಿಸಿಎಂ ಆಗೇ, ಅಂದ್ರೆ ಕುಗ್ಗಿಸದೆ ಬಿಟ್ರೆ ಅದೊಂದೇ ಒಂದೂವರೆ ತಿನ್ನುತ್ತೆ! ಡಾಲ್ಬಿ ಪದ್ಧತಿಲಿ ಕುಗ್ಗಿಸಿದ್ರೆ 0.2ರಲ್ಲಿ ಮುಗೀತಿತ್ತು.

ಹೀಗೆ ವಿಡಿಯೋನ ಕುಗ್ಗಿಸೋದರ ಹಿಂದಿನ ಗಣಿತ ನಮ್ಮೋರದ್ದೇ ಕಣ್ರೀ. ಬೆಂಗಳೂರಲ್ಲಿ ಹುಟ್ಟಿ ಅಲ್ಲಿನ ಯುವಿಸಿಇ ಇಂಜಿನಿಯರಿಂಗ್ ಕಾಲೇಜಲ್ಲಿ ಓದಿದ ನಾಸಿರ್ ಅಹ್ಮದ್ ಅವ್ರು ನಟರಾಜನ್, ಕೆ.ಆರ್. ರಾವ್ ಜೊತೆ 1974ರಲ್ಲಿ ಡಿಸಿಟಿ ಅನ್ನೋ ಲೆಕ್ಕದ ವಿಧಾನ ಪ್ರಕಟಿಸಿದ್ರು. ಅದಕ್ಕೂ ಮುಂಚೆ 1972ರಲ್ಲಿ ಸಂಶೋಧನೆಗೆ ದುಡ್ಡು ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್‌ಗೆ ದುಡ್ಡು ಕೇಳಿದ್ರೆ ಕೊಡಲಿಲ್ಲ. ಎಂಪೆಗ್‌ನಲ್ಲಿ (ವಿಡಿಯೋ ಕುಗ್ಗಿಸೋ ವಿಧಾನ ಅದು) ಚಿತ್ರವನ್ನ 8x8 ಚುಕ್ಕಿಗಳ ಚೌಕಗಳಾಗಿ ಕತ್ತರಿಸಿ, ಒಂದೊಂದ್ರಲ್ಲೂ ದೊಡ್ಡ ಏರಿಳಿತ ಎಷ್ಟು, ಸಣ್ಣ ಕುಸುರಿ ಎಷ್ಟು ಅಂತ ಡಿಸಿಟಿ ಬೇರೆ ಮಾಡುತ್ತೆ, ಅಲ್ಲಿ ಏನೂ ಹಾಳಾಗಲ್ಲ. ಹಾಳಾಗೋದು ಆಮೇಲೆ, ಭಾಗಾಕಾರದಲ್ಲಿ. ಡಿವಿಡಿಲಿ ಬಳಸೋ ಎಂಪೆಗ್-2ರ ಮಾಮೂಲಿ ಪಟ್ಟಿಯಲ್ಲಿ ಭಾಜಕ 8ರಿಂದ ಶುರುವಾಗಿ 83ಕ್ಕೆ ಏರುತ್ತೆ, ಕುಸುರಿ ಸೂಕ್ಷ್ಮ ಆದಷ್ಟೂ ದೊಡ್ಡ ನಂಬರಿಂದ ಭಾಗಿಸಿ ಸೊನ್ನೆ ಮಾಡಿಬಿಡುತ್ತೆ. ಬೇಲೂರಿನ ಶಿಲಾಬಾಲಿಕೆ ಮೈಮೇಲಿನ ಸರದ ಮಣಿ, ಕಾಂಚೀಪುರಂ ಸೀರೆ ಜರಿ, ಎಲ್ಲ ಆ 83ರ ಕಡೆಯವೇ. ಗುಡಿ ಗೋಡೆ ಮೇಲೆ ಕ್ಯಾಮೆರಾ ನಿಧಾನ ಸರಿದ್ರೆ ತೊಂದ್ರೆ ಕಮ್ಮಿ, ಎಂಪೆಗ್ ಹಿಂದಿನ ಫ್ರೇಮನ್ನೇ ಸರಿಸಿ ಕೂರಿಸುತ್ತೆ. ಅಕ್ಷತೆ, ಮೂಡಿಗೆರೆ ತೋಟದ ಮಳೆ, ಇವು ಫ್ರೇಮಿಗೊಂದು ಥರ ಚೆಲ್ಲಾಪಿಲ್ಲಿ, ಬಿಟ್ ಸಾಲಲ್ಲ.

1993ರ ವಿಸಿಡಿಲಿ, ಅಂದ್ರೆ ಡಿವಿಡಿಗೂ ಮುಂಚಿನ ವಿಡಿಯೋ ಸಿಡಿಲಿ, 352x288 ಚುಕ್ಕಿಯ ಚಿತ್ರ, 1.15 ಮೆಗಾಬಿಟ್, ಅಲ್ಲಿ ಯಾರೂ ಕುಸುರಿ ಕೇಳ್ತಿರಲಿಲ್ಲ. 1996ರಲ್ಲಿ ಜಪಾನಲ್ಲಿ ಡಿವಿಡಿ ಬಂತು, ನಮ್ಮ ಟಿವಿಯ ಪಾಲ್ (PAL) ಪದ್ಧತಿ ಲೆಕ್ಕಕ್ಕೆ 720x576, ಆಸೆ ಜಾಸ್ತಿ ಆಯ್ತು. ದಪ್ಪ ಟಿವಿ ಇದ್ದಷ್ಟು ದಿನ ಕಲೆಗಳೆಲ್ಲ ಮುಚ್ಚಿಹೋಗ್ತಿದ್ವು, ಎಲ್‌ಸಿಡಿ ಬಂದ ಮೇಲೆ ಮಾನ ಹೋಯ್ತು.

ಆನಿಮೇಷನ್‌ಗೆ ಉಪಾಯ ಆಗಲೂ ಇತ್ತು: ಎರಡು ಸಲ ಓಡಿಸೋ ವಿಬಿಆರ್ (ಕಷ್ಟದ ಕಡೆ ಜಾಸ್ತಿ ಬಿಟ್, ಸುಲಭದ ಕಡೆ ಕಮ್ಮಿ), ಪಟ್ಟೆ ಬರದಂಗೆ ಡಿಸಿ ಪ್ರಿಸಿಶನ್ (ಚೌಕದ ಸರಾಸರಿ ಬಣ್ಣವನ್ನ ಎಷ್ಟು ನಿಖರವಾಗಿ ಬರೀಬೇಕು ಅನ್ನೋದು) 10 ಬಿಟ್, ಟೈಟಲ್‌ನ ಅಡ್ಡಗೆರೆ ಎರಡು ಸಾಲಿಗಿಂತ ತೆಳ್ಳಗಿರಬಾರದು, ಇಲ್ದಿದ್ರೆ ಇಂಟರ್ಲೇಸಲ್ಲಿ (ಬೆಸ ಸಾಲು, ಸಮ ಸಾಲು ಸರದಿ ಮೇಲೆ ತೋರಿಸೋ ವಿಧಾನ) ಮಿಣಮಿಣ ಅನ್ನುತ್ತೆ. ಎರಡು ಸಲ ಓಡಿಸಿದ್ರೆ ರಾತ್ರಿಯೆಲ್ಲ ಕಂಪ್ಯೂಟರ್ ಬಿಸಿ, ಲಗ್ನದ ಸೀಸನ್ನಲ್ಲಿ ಯಾರಿಗಿತ್ತು ಪುರುಸೊತ್ತು.

ಈಗ ಹಳೇ ಡಿವಿಡಿ ತಂದುಕೊಡಿ, ಪೆನ್‌ಡ್ರೈವ್‌ಗೆ ಹೆಚ್‌ಡಿ ಮಾಡ್ತೀವಿ ಅಂತಾರೆ. ಸೊನ್ನೆ ಆದ ಜರಿ ವಾಪಸ್ ಬರಲ್ಲ, ಸಾಫ್ಟ್‌ವೇರ್ ಊಹೆ ಮಾಡಿ ಗೀಚುತ್ತೆ ಅಷ್ಟೆ. ಟೇಪ್ ಇನ್ನೂ ಇದ್ರೆ, ಸಕಲೇಶಪುರದ ಥಂಡಿಗೆ ಬೂಷ್ಟು ಹಿಡಿದಿಲ್ಲ ಅಂದ್ರೆ, ಫೈರ್‌ವೈರ್ (ಟೇಪಿನ ವಿಡಿಯೋನ ಹಾಗೇ ಕಂಪ್ಯೂಟರಿಗೆ ಕಳಿಸೋ ಕೇಬಲ್ ಕಿಂಡಿ) ಇರೋ ಹಳೇ ಕ್ಯಾಮೆರಾ ಹುಡುಕಿ ಅದರಿಂದಲೇ ಮತ್ತೆ ತೆಗೆಸಿ.